ವಿಮಾನಕ್ಕೆ ಅಡ್ಡ ನಿಂತವರು

ಮೊನ್ನೆ ನನ್ನ ಮೊಬೈಲು ಇನ್ನೊಂದು ಫೋಟೋವನ್ನೂ ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿದು ಕೂತಿತು. ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಅಂಗಡಿ ಇಟ್ಟುಕೊಂಡಿರುವ ರಘುರಾಮನ ಬಳಿಗೆ ಒಯ್ದೆ. ಅವನು ಬೆರಳಿನಿಂದ ಫೋಟೋಗಳನ್ನು ಮೇಲೆ ಸರಿಸಿದ, ಸರಿಸಿದ, ಸರಿಸುತ್ತಲೇ ಹೋದ.

“ಟೀಚರ್, ನಿಮ್ಮ್ ಮನಿಯೋರ್ದ್ ಒಂದಾರೂ ಫೋಟೋ ಇತ್ತಾ ಇದ್ರಂಗೆ?” ಎಂದು ಕೇಳಿದ.

“ಮನಿಯೋರ್ ಮನಿಯಂಗೇ ಇದ್ರಲೆ, ಮೊಬೈಲಂಗ್ ಎಂತಕ್ಕೆ ಮಾರಾಯ?” ಎಂದೆ.

ಮಾತೇನೋ ಜೋರಾಗಿಯೇ ಆಡಿದೆ. ಆದರೆ ಹೆಮ್ಮಾಡಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಆ ಪ್ರಶ್ನೆ ನನ್ನನ್ನು ಕೊರೆಯತೊಡಗಿತು. ಅದಕ್ಕೊಂದು ಕಾರಣವಿದೆ. ಕಾರಣ ಹೇಳುವ ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಅದಕ್ಕೆ ಜಾಗ ಕಡಿಮೆ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಹೆಂಗಸು ನಾನು. ನನ್ನ ಓರಗೆಯವರು ಭಜನಾ ಮಂಡಳಿಗೆ ಸೇರಿದರು, ಮೊಮ್ಮಕ್ಕಳನ್ನು ಆಡಿಸಿದರು, ಕೊಲ್ಲೂರಿಗೆ ಹೋಗಿಬಂದರು. ನಾನು ಹಳೆಯ ಯುದ್ಧವಿಮಾನಗಳ ಹಿಂದೆ ಬಿದ್ದೆ. ಹಂಟರ್, ಕ್ಯಾನ್‌ಬೆರಾ, ಡಕೋಟಾ, ನ್ಯಾಟ್ ಎಂದು ಹೆಸರುಗಳನ್ನು ಹೇಳುವಾಗ ಈಗಲೂ ನನ್ನ ಬಾಯಿಗೆ ಬೆಲ್ಲ ಹಾಕಿದ ಹಾಗಾಗುತ್ತದೆ. ಹಾರುವ ವಿಮಾನಗಳಲ್ಲ, ಹಾರಾಟ ಮುಗಿಸಿದವು. ಯಾವುದೋ ಊರಿನ ಸರ್ಕಲ್ಲಿನಲ್ಲಿ ಕಂಬದ ಮೇಲೆ ನಿಂತವು, ಎಲ್ಲೋ ಹುಲ್ಲಿನಲ್ಲಿ ತುಕ್ಕು ಹಿಡಿಯುತ್ತಿರುವವು, ಯಾರದೋ ಟ್ರಂಕಿನೊಳಗೆ ಕಪ್ಪು ಬಿಳುಪು ಚಿತ್ರವಾಗಿ ಮಾತ್ರ ಉಳಿದವು.

ಇಂಥ ಹುಚ್ಚರು ಒಬ್ಬೊಬ್ಬರೇ ಇರುವುದಿಲ್ಲ. ರಘುರಾಮ ಕಟ್ಟಿದ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ನಲವತ್ತು ಮಂದಿ ಇದ್ದೇವೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎರಡೂ ಬದಿಯವರು. ಗುಂಪಿನಲ್ಲಿರುವ ಹೆಂಗಸು ನಾನೊಬ್ಬಳೇ. ಸಾಲಿಗ್ರಾಮದ ಚೆಂಡೆಯವರೊಬ್ಬರಿದ್ದಾರೆ, ವೀಡಿಯೋದ ಸದ್ದು ಕೇಳಿಸಿದರೆ ಸಾಕು, ಕಣ್ಣು ಮುಚ್ಚಿಕೊಂಡು ಇಂಜಿನ್ ಯಾವುದೆಂದು ಹೇಳುತ್ತಾರೆ. ಎಲ್ಲರಿಗೂ ಹಿರಿಯರು ಬೈಂದೂರಿನ ಭಾಸ್ಕರಣ್ಣ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಮೈ ರಿಪೇರಿ ಮಾಡಿದವರು. ಒಂದು ರೆಕ್ಕೆಯ ತುದಿ ತೋರಿಸಿದರೆ ಇಡೀ ವಿಮಾನದ ಜಾತಕ ಹೇಳುತ್ತಾರೆ. ಎಂಬತ್ತು ದಾಟಿದರೂ ಅವರ ಮಾತಿಗೆ ಗುಂಪಿನಲ್ಲಿ ಎದುರಾಡಿದವರಿಲ್ಲ.

ನಮ್ಮ ಗುಂಪಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ಫೋಟೋ ಹಾಕುವಾಗ ಮನುಷ್ಯರನ್ನು ಕತ್ತರಿಸಿ ತೆಗೆದು ಹಾಕಬೇಕು. ಹಳೆಯ ಚಿತ್ರಗಳಲ್ಲಿ ಒಬ್ಬನಲ್ಲ ಒಬ್ಬ ವಿಮಾನಕ್ಕೆ ಅಡ್ಡ ನಿಂತೇ ನಿಂತಿರುತ್ತಾನೆ. ನಂಬರಿನ ಮೇಲೆ ತಲೆ, ಚಕ್ರದ ಮೇಲೆ ಕಾಲು. ಹಾಗೇ ಹಾಕಿದಿರೋ, “ಹ್ವಾಯ್, ಅಡ್ಡ ನಿಂತವ್ರನ್ನ್ ತೆಗಿನಿ ಕಾಂಬ” ಎಂದು ಕೂಡಲೇ ಯಾರಾದರೂ ಬರೆಯುತ್ತಾರೆ. ನಾವೆಲ್ಲ ಒಮ್ಮೆ ವ್ಯಾನು ಮಾಡಿಕೊಂಡು ಕಾರವಾರದ ಕಡಲ ತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಹಳೇ ವಿಮಾನ ನೋಡಲು ಹೋಗಿದ್ದೆವು. ಅಲ್ಲಿದ್ದ ಪ್ರವಾಸಿಗರೊಬ್ಬರು “ಕೊಡಿ, ನಿಮ್ಮೆಲ್ಲರದ್ದೂ ಒಟ್ಟಿಗೆ ಒಂದು ಫೋಟೋ ತೆಗೆಯುತ್ತೇನೆ” ಎಂದು ತಾವಾಗಿ ಕೇಳಿದರು. ನಾವು ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇಡ ಎಂದೆವು. ಅವರಿಗೆ ಅವಮಾನವಾಗಿರಬೇಕು. ಆವತ್ತಿನ ನೂರಾರು ಫೋಟೋಗಳಲ್ಲಿ ಚಕ್ರದ ಮೊಳೆ ಮೊಳೆಯೂ ಇದೆ, ಹೋದವರು ಯಾರು ಎಂಬುದಕ್ಕೆ ಮಾತ್ರ ಸಾಕ್ಷಿಯಿಲ್ಲ.

ಈ ಕಟ್ಟಳೆ ಪಾಲಿಸುವುದರಲ್ಲಿ ನಾನೇ ಎಲ್ಲರಿಗಿಂತ ಮುಂದೆ. ನನ್ನ ಪಾಲಿಗೆ ಅದು ಗುಂಪಿನಲ್ಲಿ ಕಲಿತದ್ದಲ್ಲ, ಗುಲ್ವಾಡಿಯ ತವರುಮನೆಯಲ್ಲಿ ಕಲಿತದ್ದು. ನನ್ನ ಚಿಕ್ಕಯ್ಯ ವಾಯುಪಡೆಯಲ್ಲಿದ್ದರು. ಒಂದು ರಜೆಯಲ್ಲಿ ಬರುವಾಗ ಹೊಳೆ ದಾಟಿಸುವ ದೋಣಿಯಲ್ಲಿ ಕೂತು, ಸುರುಳಿ ಸುತ್ತಿದ ಒಂದು ದೊಡ್ಡ ಕಾಗದವನ್ನು ನೀರು ತಾಗದ ಹಾಗೆ ತಲೆಯ ಮೇಲೆ ಹಿಡಿದುಕೊಂಡು ತಂದರು. ಆಕಾಶದಲ್ಲಿ ಹೋಗುವ ವಿಮಾನ ಯಾವುದೆಂದು ಗುರುತಿಸಲು ಕಲಿಸುವ ಪಟ ಅದು. ಒಂದೊಂದು ವಿಮಾನದ್ದೂ ಮೂರು ಮೂರು ಕಪ್ಪು ಆಕಾರ. ಎದುರಿನಿಂದ ಕಂಡರೆ ಹೀಗೆ, ಅಡಿಯಿಂದ ಕಂಡರೆ ಹೀಗೆ, ಬದಿಯಿಂದ ಹೀಗೆ. ಅಕ್ಕಿ ಮುಡಿ ಇಡುವ ಕೋಣೆಯ ಬಾಗಿಲಿನ ಒಳಮೈಗೆ ಅದನ್ನು ಗಂಜಿಯಿಂದ ಅಂಟಿಸಿದರು. ಅ ಆ ಇ ಈ ಮತ್ತು ಆ ಕಪ್ಪು ಆಕಾರಗಳನ್ನು ನಾನು ಒಂದೇ ವರ್ಷದಲ್ಲಿ ಕಲಿತೆ. ಒಂದು ದಿನ “ಚಿಕ್ಕಯ್ಯ, ಇದ್ರೊಳ್ಗೆ ಯಾರ್ ಕೂಕಂತ್ರ್?” ಎಂದು ಕೇಳಿದ್ದೆ. “ಅದೆಲ್ಲ ಕೇಂಬುಕಾಗ. ನೀನ್ ರೆಕ್ಕಿ ಕಾಣ್, ಬಾಲ ಕಾಣ್” ಎಂದರು. ಒಳ್ಳೆಯ ವಿದ್ಯಾರ್ಥಿನಿ ನಾನು, ಆಮೇಲೆ ಕೇಳಲಿಲ್ಲ. ಮುಂದೆ ಟೀಚರಾದಾಗ ಮಕ್ಕಳು ಉತ್ತರ ಪತ್ರಿಕೆಯಲ್ಲಿ ಬರೆದ ಕಾಗೆಯ ಚಿತ್ರಕ್ಕೂ ರೆಕ್ಕೆಯ ಕೋನ ಸರಿಯಿಲ್ಲವೆಂದು ಅರ್ಧ ಅಂಕ ಕಳೆದವಳು ನಾನು. ಆ ಮಕ್ಕಳ ಹೆಸರು ಕೇಳಿದರೆ ಹೇಳಲು ಬರುವುದಿಲ್ಲ.

ಈಗ ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ಮರವಂತೆಯಿಂದ ಮೀನು ತರುವ ಗಿರಿಜಕ್ಕನಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬಂಗುಡೆ, ಬೈಗೆ ಅವಳ ಬುಟ್ಟಿಯಿಂದಲೇ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಮೊಬೈಲು ಹಿಡಿದುಕೊಂಡು ಕೂತಿದ್ದಾಗ ಬುಟ್ಟಿ ಇಳಿಸಿ ಇಣುಕಿದಳು.

“ಎಂತ ಟೀಚರ್, ಇಮಾನವಾ? ನಮ್ಮನಿಯಂಗೂ ಒಂದ್ ಇತ್ತ್ ಕಾಣಿ. ನಮ್ಮ್ ಅಣ್ಣ ಅದ್ರ್ ಹತ್ರ ನಿಂತದ್.”

ಅವಳು ಹೇಳಿದ್ದರಲ್ಲಿ ಮೊದಲಿನ ಅರ್ಧ ಮಾತ್ರ ನನ್ನ ಕಿವಿಗೆ ಬಿತ್ತು. “ನಾಳಿಗೇ ತನ್ನಿ ಗಿರಿಜಕ್ಕ” ಎಂದೆ.

ಮರುದಿನ ತಂದಳು. ಮೀನಿನ ನೀರು ತಾಗಬಾರದೆಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನೊಳಗೆ ಇಟ್ಟುಕೊಂಡು ತಂದಿದ್ದಳು. ಅಂಗೈಗಿಂತ ಸ್ವಲ್ಪ ದೊಡ್ಡ ಫೋಟೋ. ನಾಲ್ಕು ಇಂಜಿನ್ನು, ಬೆನ್ನಿನ ಮೇಲೆ ಉದ್ದಕ್ಕೆ ಚಾಚಿದ ರೆಕ್ಕೆ, ಹಿಂದೆ ಬಾಲದಲ್ಲಿ ಊಟದ ತಟ್ಟೆಗಳ ಹಾಗೆ ಎರಡು ದುಂಡು ಫಲಕ. ಲಿಬರೇಟರ್! ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕೆಡಿಸಿ ಬಿಟ್ಟುಹೋದವನ್ನು ನಮ್ಮವರು ಜೋಡಿಸಿ, ಸಮುದ್ರದ ಮೇಲೆ ಕಾವಲಿಗೆ ಹಾರಿಸಿದ ವಿಮಾನ.

ಗಿರಿಜಕ್ಕ ಹೇಳುತ್ತಲೇ ಇದ್ದಳು. “ಅಣ್ಣನ ಹೆಸ್ರ್ ಶೀನ. ನಾನ್ ಆರ್ ವರ್ಷದವ್ಳ್ ಇಪ್ಪಾಗ ಮಿಲಿಟ್ರಿ ಇಮಾನದ ಕೆಲ್ಸಕ್ಕೆ ಸೇರ್ದ. ಈ ಫೋಟೋ ಕಳ್ಸಿದ್ದ. ಮತ್ತೆ ಅಲ್ಲೇ ಎಂತದೋ ಜ್ವರ ಬಂದ್ ಹೋಯ್ಬಿಟ್ಟ. ಟೆಲಿಗ್ರಾಂ ಬಂತ್, ಅವ ಬರ್ಲ.”

“ಅಯ್ಯೋ ಪಾಪ” ಎಂದೆ. ಬಾಯಿ ಹಾಗೆಂದಿತು. ಕಣ್ಣು ಬಾಲದ ಮೇಲಿತ್ತು.

ಜಗಲಿಯ ಬೆಳಕಿನಲ್ಲಿ ಫೋಟೋ ಇಟ್ಟು ಮೊಬೈಲಿನಿಂದ ಅದರ ಚಿತ್ರ ತೆಗೆದೆ. ಶೀನ ವಿಮಾನದ ಮೂಗಿನಿಂದ ಒಂದು ಹೆಜ್ಜೆ ಮುಂದೆ, ಫೋಟೋದ ಎಡ ಅಂಚಿನಲ್ಲಿ ನಿಂತಿದ್ದ. ಅವನು ಬರದ ಹಾಗೆ ಮೊಬೈಲನ್ನು ಬಲಕ್ಕೆ ಸರಿಸಿದೆ. ಎಷ್ಟು ಸರಿಸಿದರೂ ಮೊಣಕೈ ಒಂದು ಉಳಿಯಿತು. ಈಗಿನ ಮೊಬೈಲಿನಲ್ಲಿ ಬೇಡದ್ದನ್ನು ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುವ ಸೌಕರ್ಯವಿದೆಯಲ್ಲ, ಹಾಗೆ ಉಜ್ಜಿದೆ. ಮೊಣಕೈ ಹೋಗಿ ಅಲ್ಲಿ ಆಕಾಶ ಬಂತು. ಇಷ್ಟೆಲ್ಲ ಮಾಡಲು ಐದು ನಿಮಿಷವೂ ಹಿಡಿಯಲಿಲ್ಲ. ನಾನು ಇದನ್ನು ಮಾಡುವಾಗ ಅವನ ತಂಗಿ ನನ್ನ ಎದುರಿಗೇ ಕೂತು ಬಂಗುಡೆಯ ತಲೆ ತೆಗೆಯುತ್ತಿದ್ದಳು.

ಗುಂಪಿನಲ್ಲಿ ಆವತ್ತು ಹಬ್ಬ. ಭಾಸ್ಕರಣ್ಣ ಬರೆಯಲು ಪುರುಸೊತ್ತಿಲ್ಲದೆ ಮಾತನ್ನೇ ರೆಕಾರ್ಡು ಮಾಡಿ ಕಳಿಸಿದರು. “ಟೀಚರ್, ನಾನ್ ಹೊಸ್ತಾಯ್ ಸೇರ್ದಾಗ ಇವು ಕಡೀ ಕಾಲಕ್ಕೆ ಬಂದಿದ್ದೊ. ಕಣ್ಣಂಗೆ ನೀರ್ ಬಂತ್ ಕಾಣಿ!” ಬ್ರಹ್ಮಾವರದವರು, ಕೋಟದವರು, ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಮನೆಯ ಫೋಟೋ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಭ್ರಮ ತಡೆಯದೆ ಮಾರನೆಯ ದಿನ ಗಿರಿಜಕ್ಕನಿಗೆ ಒಂದು ಭಾಷಣವನ್ನೇ ಬಿಗಿದೆ. ಇದು ಸಾಮಾನ್ಯ ಫೋಟೋ ಅಲ್ಲ, ಇಂಥದ್ದು ಊರಲ್ಲೆಲ್ಲೂ ಇಲ್ಲ, ಜೋಪಾನವಾಗಿ ಇಡಬೇಕು, ಹೀಗೆ. ಅವಳು ಕಣ್ಣರಳಿಸಿ ಕೇಳಿದಳು. ಮಳೆಗಾಲ ಹಿಡಿಯಿತು, ದೋಣಿಗಳು ದಡಕ್ಕೆ ಬಂದವು, ಎರಡು ತಿಂಗಳು ಅವಳ ಸುಳಿವಿರಲಿಲ್ಲ.

ಆಷಾಢ ಕಳೆದ ಮೇಲೆ ಬುಟ್ಟಿಯಿಲ್ಲದೆ ಬಂದಳು. ಜಗಲಿಯ ಮೆಟ್ಟಿಲಲ್ಲಿ ಕೂತು ಹೇಳಿದಳು.

“ನೀವ್ ಅಷ್ಟ್ ದೊಡ್ಡ ಫೋಟೋ ಅಂದ್ರಿ ಅಂದೇಳಿ ಗಾಜಿನ್ ಕಟ್ಟ್ ಹಾಕ್ಸಿ ಗೋಡಿಗ್ ತೂಗ್ಸಿದ್ದೆ ಟೀಚರ್. ಈ ಸಲದ ಮಳಿಗೆ ಗೋಡಿ ಥಂಡಿ ಹಿಡ್ದ್ ಫೋಟೋ ಗಾಜಿಗ್ ಹಿಡ್ಕಂತ್. ಬಿಡ್ಸುಕ್ ಹೋದೆ. ಮೊಕ ಎಲ್ಲ ಗಾಜಿನಂಗೇ ಉಳೀತ್, ಒರ್ಸಿರೆ ಮಸಿ.” ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು, “ಅಡ್ಡಿಲ್ಲೆ, ನಿಮ್ಮ್ ಮೊಬೈಲಂಗ್ ಇತ್ತಲೆ. ಅದ್ರದ್ದೊಂದ್ ಪ್ರಿಂಟ್ ತೆಗ್ಸಿ ಕೊಡಿ. ನಂಗೆ ಅಣ್ಣನ ಮೊಕ ಅಂದ್ರೆ ಅದೊಂದೇ.”

ಅರವತ್ತು ವರ್ಷ ಪ್ಲಾಸ್ಟಿಕ್ಕಿನಲ್ಲಿ, ಬಟ್ಟೆಯಲ್ಲಿ ಕ್ಷೇಮವಾಗಿದ್ದ ಫೋಟೋ ನನ್ನ ಒಂದು ಭಾಷಣದಿಂದ ಗೋಡೆಗೇರಿ ಹಾಳಾಯಿತು. ಅದು ಒಂದು ತಪ್ಪು. ಇನ್ನೊಂದು ತಪ್ಪು ನನ್ನ ಕೈಯಲ್ಲೇ ಇತ್ತು, ಮೊಬೈಲಿನಲ್ಲಿ. ಅದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ಹುಡ್ಕಿ ಇಡ್ತೆ” ಎಂದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಹೆದರಿದೆ. ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ರಘುರಾಮನ ಅಂಗಡಿಗೆ ಓಡಿದೆ. ಅಳಿಸಿದ್ದನ್ನು ಮತ್ತೆ ತೆಗೆಯುವ ವಿದ್ಯೆ ಅವನಿಗೆ ಗೊತ್ತು. ಅರ್ಧ ಗಂಟೆ ತಡಕಾಡಿ ಮೊಬೈಲು ವಾಪಸು ಕೊಟ್ಟ. “ಮೊಣ್‌ಕೈ ಬೇಕಾರೆ ತೆಗೂಲಕ್ಕ್ ಟೀಚರ್. ಮೊಕ ಇದ್ರೊಳ್ಗೆ ಬರ್ಲೇ ಇಲ್ಲೆ, ಎಲ್ಲಿಂದ ತೆಗುದ್?” ಎಂದ. ನಿಜವೇ. ಕತ್ತರಿಸಿದ್ದರೆ ಚೂರಾದರೂ ಎಲ್ಲಾದರೂ ಬಿದ್ದಿರುತ್ತಿತ್ತು. ನಾನು ಒಳಗೇ ಬಿಟ್ಟುಕೊಂಡಿರಲಿಲ್ಲ.

ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದು ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಸಂಜೆ ಭಾಸ್ಕರಣ್ಣ ಫೋನು ಮಾಡಿದರು. ಸರ್ವಿಸಿನ ನಂಬರಿದ್ದರೆ ದಾಖಲೆ ಕಚೇರಿಗೆ ಬರೆಯಬಹುದು ಎಂದರು. ನಂಬರಿರಲಿಲ್ಲ. ಗಿರಿಜಕ್ಕನ ಹಳೆಯ ಮನೆ ಕಡಲ್ಕೊರೆತದಲ್ಲಿ ಹೋದಾಗ ಕಾಗದಗಳೆಲ್ಲ ಹೋಗಿದ್ದವು. ಅವಳ ಅಮ್ಮ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಗೆ ಓಡಿದ್ದರಲ್ಲಿ ಆ ಫೋಟೋ ಒಂದು ಉಳಿದಿತ್ತು.

ಭಾಸ್ಕರಣ್ಣ ಫೋನು ಇಡಲಿಲ್ಲ.

“ಟೀಚರ್, ಇವತ್ ನನ್ನ್ ಆಲ್ಬಮ್ ತೆಗ್ದ್ ಕಂಡೆ. ಇಪ್ಪತ್ ವರ್ಷದ್ದ್. ಎಲ್ಲ ಫೋಟೋ ಕತ್ತರಿ ಹಾಕಿ ಅಂಟ್ಸಿದ್ದೆ. ಇಮಾನ ಪೂರಾ ಇತ್ತ್. ಒಟ್ಟಿಗ್ ಕೆಲ್ಸ ಮಾಡ್ದ್, ಒಂದೇ ತಟ್ಟಿಯಂಗ್ ಉಂಡದ್, ಒಬ್ಬಂದಾರೂ ಮೊಕ ಇಲ್ಲೆ. ನಾನೇ ಕತ್ತರ್ಸಿದ್ದ್.” ಆಮೇಲೆ ಹೇಳಿದರು, “ನೀವ್ ಹೋಯ್ ಹೇಳ್ಬಿಡಿ. ದಿನ ಹೋದಂಗೆ ಹೇಳುದ್ ಕಷ್ಟ ಆತ್ತ್.”

ಮಾರನೆಯ ದಿನ ಮರವಂತೆಗೆ ಹೋದೆ. ಹೆದ್ದಾರಿಯಿಂದ ಇಳಿದು ತೆಂಗಿನ ಸಾಲು ದಾಟಿದರೆ ಗಿರಿಜಕ್ಕನ ಮನೆ. ಅಂಗಳದಲ್ಲಿ ಬಲೆ ಒಣಗಿಸಿತ್ತು. ಅವಳು ಚಾಪೆ ಹಾಸಿದಳು, ಚಾ ತಂದಳು. ಚಾ ಕುಡಿಯುವ ಮೊದಲೇ ಹೇಳಿಬಿಟ್ಟೆ. ಅಣ್ಣನನ್ನು ಬಿಟ್ಟು ವಿಮಾನವನ್ನಷ್ಟೇ ತೆಗೆದುಕೊಂಡದ್ದು, ಉಳಿದ ಮೊಣಕೈಯನ್ನೂ ಉಜ್ಜಿದ್ದು. ಆಗ ಅವಳು ನನ್ನ ಎದುರಿಗೇ ಕೂತಿದ್ದಳೆಂಬುದನ್ನೂ ಹೇಳಿದೆ. ಮೊಬೈಲು ತೆರೆದು ತೋರಿಸಿದೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

“ಅಣ್ಣ ಎಲ್ಲ್ ನಿಂತಿದ್ದಿದ್ದ?” ಎಂದು ಕೇಳಿದಳು.

ಪರದೆಯ ಎಡಗಡೆ, ಮೊಬೈಲಿನ ಆಚೆ, ಗಾಳಿಯಲ್ಲಿ ಬೆರಳಿಟ್ಟು ತೋರಿಸಿದೆ.

“ನೀವ್ ಕಂಡಿದ್ರಿಯಲೆ ಟೀಚರ್. ನನ್ ಬಿಟ್ರೆ ಅದನ್ ಅಷ್ಟ್ ಹೊತ್ತ್ ಕಂಡೋರ್ ಈಗ ನೀವೊಬ್ರೇ. ಹೇಳಿ ಕಾಂಬ, ಅಣ್ಣ ಹ್ಯಾಂಗಿದ್ದ?”

ಆ ವಿಮಾನದ ಮೂಗಿನ ಗಾಜಿನಲ್ಲಿ ಎಷ್ಟು ಪಟ್ಟಿಗಳಿದ್ದವೆಂದು ನಾನು ಈಗಲೂ ಹೇಳಬಲ್ಲೆ. ಮೂರನೆಯ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ಸೋರಿದ ಗೆರೆ ಎಲ್ಲಿಯವರೆಗೆ ಬಂದಿತ್ತೆಂದು ಹೇಳಬಲ್ಲೆ. ಶೀನನಿಗೆ ಮೀಸೆಯಿತ್ತೇ? ತಲೆಗೆ ಟೋಪಿಯಿತ್ತೇ? ಎತ್ತರವೇ, ಗಿಡ್ಡವೇ? ಎಷ್ಟು ನೆನಪಿಸಿಕೊಂಡರೂ ಅಲ್ಲಿ ಒಂದು ಅಡ್ಡಿ ಮಾತ್ರ ಇತ್ತು, ಮನುಷ್ಯನಿರಲಿಲ್ಲ. ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಇನ್ನೊಂದು ತಪ್ಪು ಮಾಡಿದೆ.

“ಸಣ್ಣಕ್ಕೆ ನೆಗಾಡ್ತಿದ್ದಿದ್ರ್” ಎಂದೆ.

ಗಿರಿಜಕ್ಕ ಮೊಬೈಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು.

“ಇಲ್ಲೆ ಟೀಚರ್” ಎಂದಳು ಮೆಲ್ಲಗೆ. “ಅದ್ರಂಗೆ ಅಣ್ಣ ನೆಗಾಡ್ತಿರ್ಲ.”

ನಾನು ತಲೆ ತಗ್ಗಿಸಿ ಕೂತೆ. ಚಾ ತಣ್ಣಗಾಯಿತು. ಆಚೆ ಮನೆಯವರು ಯಾರೋ ಬಲೆ ಮಗುಚಿ ಹಾಕಿ ಹೋದರು. ಗಿರಿಜಕ್ಕ ಒಳಗೆ ಹೋದವಳು ತಿರುಗಿ ಬಂದು ಮತ್ತೆ ನನ್ನ ಎದುರು ಕೂತಳು. ಕೈಯಲ್ಲಿ ಏನೂ ಇರಲಿಲ್ಲ.

“ನಿಮ್ಗ್ ಬರುಕ್ ಬತ್ತಲೆ. ಬರ್ಕಣಿ. ನಂಗೂ ಮರ್ತ್ ಹೋಪುಕ್ ಮುಂಚೆ.”

ಚೀಲದಲ್ಲಿ ವಿಮಾನಗಳ ವಿವರ ಬರೆದಿಡುವ ನೋಟ್‌ಬುಕ್ಕಿತ್ತು. ಹೊಸ ಹಾಳೆ ತಿರುವಿದೆ. ಅವಳು ಹೇಳುತ್ತ ಹೋದಳು, ನಾನು ಬರೆದೆ. ಒಂದೊಂದು ಮಾತಿಗೂ ನಿಂತು, ಮೇಲೆ ನೋಡಿ, ಸರಿಯೇ ಎಂದು ತನ್ನಲ್ಲೇ ಕೇಳಿಕೊಂಡು ಹೇಳಿದಳು. ಕೂದಲು ಹಿಂದಕ್ಕೆ ಬಾಚಿತ್ತು. ಟೋಪಿಯಿರಲಿಲ್ಲ. ಬಿಸಿಲಿಗೆ ಒಂದು ಕಣ್ಣು ಸಣ್ಣಗಾಗಿತ್ತು. ಹುಬ್ಬು ಎರಡೂ ಕೂಡಿಕೊಂಡಿತ್ತು, ಅಮ್ಮನದ್ದರ ಹಾಗೆ. ಅಂಗಿಯ ತೋಳು ಎರಡು ಮಡಿಕೆ ಮಡಚಿತ್ತು. ಮೇಲಿನ ಗುಂಡಿ ಹಾಕಿರಲಿಲ್ಲ. ಒಂದು ಕಿವಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಎಡದ್ದೋ ಬಲದ್ದೋ ಎಂದು ಅವಳು ತನ್ನ ಕಿವಿಗಳನ್ನು ಒಂದಾದ ಮೇಲೊಂದು ಮುಟ್ಟಿ ನೋಡಿಕೊಂಡಳು. ಗೊತ್ತಾಗಲಿಲ್ಲ. “ಒಂದ್ ಕೆಮಿ ಅಂದೇಳಿ ಬರೀನಿ” ಎಂದಳು. ಹಾಗೇ ಬರೆದೆ.

ಅರ್ಧ ಹಾಳೆಗೆ ಮುಗಿಯಿತು. ಅದಕ್ಕಿಂತ ಹೆಚ್ಚು ಅವಳಿಗೆ ನೆನಪಿರಲಿಲ್ಲ.

“ಓದಿ” ಎಂದಳು.

ತರಗತಿಯಲ್ಲಿ ಪಾಠ ಓದಿದ ಗಂಟಲಿನಲ್ಲೇ ಒಂದೊಂದೇ ಸಾಲು ಓದಿದೆ. ಗಿರಿಜಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟು ಕೇಳಿದಳು. ಓದಿ ಮುಗಿದರೂ ಕಣ್ಣು ತೆರೆಯಲಿಲ್ಲ. ನಾನು ಕಾದೆ.

“ಮೊಕ ಬತ್ತಿಲ್ಲೆ ಟೀಚರ್” ಎಂದಳು. “ಇನ್ನೊಂದ್ ಸಲ ಓದಿ.”

ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.